ಚಿತ್ರವೂ ಪ್ರಮಾಣವೂ

ಕಣ್ಣಾರೆ ಕಂಡುದನ್ನು ನಂಬತಕ್ಕದ್ದೆಂಬುದು ಲೋಕರೂಢಿ. ಮಾಮೂಲ್‌ಪೇಟೆಯ ವರ್ತಕರ ಮನೆಯೊಂದರಲ್ಲಿ ಯಾರಿಗೋ ತಲೆನೋವು ಬಿಡದೆ ಕಾಡಿ, ವೈದ್ಯರು ಸಿ.ಟಿ. ಚಿತ್ರವನ್ನು ತೆಗೆಸಿದರೆನ್ನೋಣ. ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮನೆಮಂದಿಯೆಲ್ಲ ನೋಡುತ್ತಾರೆ. ‘ಇಲ್ಲಿ ಕಾಣುತ್ತದಲ್ಲ’ ಎಂದು ಹಿರಿಯರೊಬ್ಬರು ಬೆರಳಿಡುತ್ತಾರೆ. ಹಾಳೆಯಲ್ಲಿರುವುದು ಕಂಡದ್ದೋ, ಲೆಕ್ಕಮಾಡಿ ತಿಳಿದದ್ದೋ? ವೈದ್ಯಕೀಯ ಚಿತ್ರಣವನ್ನೂ ಚಿತ್ರಸಂಸ್ಕರಣವನ್ನೂ ಸ್ನಾತಕೋತ್ತರ ತರಗತಿಯಲ್ಲಿ ವ್ಯಾಸಂಗ ಮಾಡುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದೇ. ಇದು ಗಣಿತಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣಗಳ ಚಿತ್ರವಾದರೋ ನೆರಳು. ನೆರಳನ್ನು ನೋಡುವುದೂ ಒಂದು ಬಗೆಯ ನೋಟವೇ. ಸಿ.ಟಿ. ಯಂತ್ರದಲ್ಲಿ ಹಾಗಲ್ಲ. ಅಲ್ಲಿ ಕಿರಣಗಳನ್ನು ಅನೇಕ ದಿಕ್ಕುಗಳಿಂದ ಹಾಯಿಸಿ, ಒಂದೊಂದು ಗೆರೆಯ ಮೇಲೂ ಒಟ್ಟು ಎಷ್ಟು ಕಿರಣ ಹೀರಿಹೋಯಿತೆಂಬುದನ್ನು ಅಳೆಯುತ್ತಾರೆ. ಕೈಗೆ ಬರುವುದು ಮೊತ್ತಗಳು ಮಾತ್ರ. ಒಳಗಿನ ಒಂದೊಂದು ಬಿಂದುವಿನ ಸ್ಥಿತಿಯನ್ನು ಆ ಮೊತ್ತಗಳಿಂದ ಊಹಿಸಿ ತೆಗೆಯಬೇಕು.

ವರ್ತಕನ ಉಗ್ರಾಣವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ನಾಲ್ಕು ಮೂಟೆಗಳನ್ನು ಎರಡು ಸಾಲಾಗಿ ಇಟ್ಟಿದೆ. ಅಡ್ಡಸಾಲುಗಳ ತೂಕ ತಲಾ 100 ಸೇರು, ಉದ್ದಸಾಲುಗಳದೂ ತಲಾ 100 ಸೇರು. ಮೂಟೆಗಳ ತೂಕವೇನು? 30, 70, 70, 30 ಎಂದರೂ ಲೆಕ್ಕ ಸರಿಹೋಗುತ್ತದೆ. 60, 40, 40, 60 ಎಂದರೂ ಸರಿಹೋಗುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಮೊತ್ತ ಸಿಕ್ಕಿದರೆ ಸಂಶಯ ತೀರಿತು. ಆದರೆ ದೇಹವೆಂಬುದು ನಾಲ್ಕು ಮೂಟೆಗಳ ಉಗ್ರಾಣವಲ್ಲ. ಅದರ ಬಿಂದುಗಳಿಗೆ ಎಣಿಕೆಯಿಲ್ಲ. ದಿಕ್ಕುಗಳು ಎಷ್ಟೇ ಹೆಚ್ಚಿದರೂ ಪರಿಮಿತವಾಗಿರುವವರೆಗೆ ಅವೇ ಮೊತ್ತಗಳಿಗೆ ಹೊಂದುವ ಬೇರೆ ವಿನ್ಯಾಸಗಳು ಉಳಿದೇ ಇರುತ್ತವೆ. ಅವುಗಳಲ್ಲೊಂದನ್ನು ಆರಿಸುವಾಗ, ದೇಹದ ಒಳಗು ಸಾಮಾನ್ಯವಾಗಿ ಹೀಗಿರುತ್ತದೆಂಬ ನಂಬಿಕೆಯೊಂದನ್ನು ಗಣಿತಜ್ಞನು ಸದ್ದಿಲ್ಲದೆ ಸೇರಿಸುತ್ತಾನೆ.

ಈ ಲೆಕ್ಕದ ಮೂಲಸೂತ್ರವನ್ನು ರೇಡಾನ್ ಎಂಬ ಗಣಿತಜ್ಞನು 1917ರಲ್ಲಿಯೇ ಕೊಟ್ಟಿದ್ದನು. 1971ನೆಯ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡನ ಯಂತ್ರದಿಂದ ಮೊದಲನೆಯ ರೋಗಿಯ ಮೆದುಳಿನ ಚಿತ್ರವನ್ನು ತೆಗೆದರು. 28,800 ಅಳತೆಗಳಿಂದ 6,400 ಚೌಕಗಳ ಚಿತ್ರ! ಅದೇ ವರ್ಷ, ಮಲ್ಲೇಶ್ವರದ ಬಡಗಣ ಅಂಚಿನಲ್ಲಿ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಮಂದಿರದಲ್ಲಿ, ಜಿ. ಎನ್. ರಾಮಚಂದ್ರನ್ ಅವರೂ ಅವರ ಶಿಷ್ಯರಾದ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ರಾಮಚಂದ್ರನ್ನರು 1942ರಲ್ಲಿ ಅಲ್ಲಿಗೆ ಬಂದದ್ದು ವಿದ್ಯುತ್ ಶಾಸ್ತ್ರವನ್ನು ಕಲಿಯುವುದಕ್ಕೆ; ಸಿ. ವಿ. ರಾಮನ್ನರು ಅವರನ್ನು ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. ಚಿತ್ರಸಂಸ್ಕರಣವನ್ನು ಈಗ ಅಲ್ಲಿ ಕಲಿಸುವ ವಿಭಾಗಗಳಲ್ಲಿ ಅವರು ಬಿಟ್ಟುಬಂದ ಆ ವಿದ್ಯುತ್ ವಿಭಾಗವೂ ಒಂದು.

ಅಳೆದ ಮೊತ್ತಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದರೆ ಚಿತ್ರವೇನೋ ಮೂಡುತ್ತದೆ. ಆದರೆ ಒಂದೊಂದು ಬಿಂದುವೂ ಸುತ್ತಲೂ ಹರಡಿ ಮಬ್ಬಾಗುತ್ತದೆ. ಬಳಿಯುವುದಕ್ಕೆ ಮೊದಲು, ಒಂದೊಂದು ಅಳತೆಯಿಂದಲೂ ನೆರೆಯ ಅಳತೆಗಳ ಪಾಲನ್ನು ನಿಯತಕ್ರಮದಲ್ಲಿ ಕಳೆದರೆ ಮಬ್ಬು ಹರಿಯುವುದೆಂದೂ, ಹಿಂದಿನ ದೀರ್ಘವಾದ ಗಣನೆ ಬೇಕಾಗುವುದಿಲ್ಲವೆಂದೂ ಗುರುಶಿಷ್ಯರು ತೋರಿಸಿದರು. ಇಂಥ ಉಪಾಯವನ್ನು ಬ್ರೇಸ್‌ವೆಲ್ ಮತ್ತು ರಿಡಲ್ ಎಂಬವರು 1967ರಲ್ಲಿ ಆಕಾಶದ ರೇಡಿಯೋ ಅಲೆಗಳಿಗೆ ಬಳಸಿದ್ದರೆಂಬುದನ್ನೂ ಹೇಳಬೇಕು. ಆದರೂ ‘ರಾಮ್-ಲಾಕ್’ ಎಂಬ ಶೋಧಕದ ಹೆಸರು ಇಂದಿಗೂ ಲೋಕದ ವಿದ್ಯಾರ್ಥಿಗಳ ಬಾಯಲ್ಲಿದೆ.

ಧರ್ಮದ ಪ್ರಶ್ನೆ ಏಳುವುದು ಈ ಶೋಧಕದ ಬಳಿಯಲ್ಲೇ. ಅದು ನಿಜವಾದ ಅಂಚನ್ನು ಹರಿತಗೊಳಿಸುವಂತೆಯೇ ಅಳತೆಯ ದೋಷದಿಂದ ಬಂದ ಕಾಳುಕಾಳಾದ ಗದ್ದಲವನ್ನೂ ಹರಿತಗೊಳಿಸುತ್ತದೆ. 1974ರಲ್ಲಿ ಶೆಪ್ ಮತ್ತು ಲೋಗನ್ ಎಂಬವರು ಅದನ್ನು ಸ್ವಲ್ಪ ಮೃದುಮಾಡಿದರು. ಎಷ್ಟು ಮೃದುಮಾಡಬೇಕು? ಹೆಚ್ಚಾದರೆ ಚಿಕ್ಕದೊಂದು ರಕ್ತಸ್ರಾವ ಅಳಿಸಿಹೋದೀತು. ಕಡಮೆಯಾದರೆ ಇಲ್ಲದ ರೋಗ ತೋರೀತು. ಗದ್ದಲವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಾಲು ಕಿರಣ ಬೇಕು. ಆ ಕಿರಣವನ್ನು ತಾಳತಕ್ಕವನು ರೋಗಿ. ಹೀಗೆ, ಯಾವ ತಪ್ಪು ಯಾರ ಪಾಲಿಗೆ ಬರಲಿ ಎಂಬ ತೀರ್ಮಾನ, ರೋಗಿಯನ್ನು ಎಂದೂ ಕಾಣದ ಒಬ್ಬ ತರುಣ ವಿದ್ಯಾರ್ಥಿಯ ಕೈಯಲ್ಲಿ ನಡೆದುಹೋಗುತ್ತದೆ. ಅವನು ಅಭ್ಯಾಸಮಾಡುವುದು ಅಂಡಾಕೃತಿಗಳಿಂದ ಕಟ್ಟಿದ ಕೃತಕ ಶಿರಸ್ಸಿನ ಮೇಲೆ. ಅದೂ ಶೆಪ್, ಲೋಗನ್ನರದೇ. ಅಲ್ಲಿ ಸತ್ಯವು ಮೊದಲೇ ಗೊತ್ತು, ಸರಿತಪ್ಪುಗಳನ್ನು ತಾಳೆನೋಡಬಹುದು. ಜೀವಂತ ಶಿರಸ್ಸಿನಲ್ಲಿ ಆ ಸೌಕರ್ಯವೆಲ್ಲಿದೆ?

ಸಾವಿರಾರು ಹಳೆಯ ಚಿತ್ರಗಳಿಂದ ಕಲಿತು ಹೊಸ ಚಿತ್ರವನ್ನು ತುಂಬಿಕೊಡುವ ಗಣಕಕ್ರಮಗಳು ಬಂದ ಮೇಲೆ ಈ ಭಾರ ಇಮ್ಮಡಿಸಿದೆ. ಅವುಗಳ ಚಿತ್ರ ಅತಿ ನಿರ್ಮಲ. ಆದರೆ ದೇಹದಲ್ಲಿಲ್ಲದ ಆಕಾರಗಳನ್ನು ಅವು ಕೆಲವೊಮ್ಮೆ ಸೃಷ್ಟಿಸುತ್ತವೆಂದೂ, ಅಳತೆಯ ಸ್ವಲ್ಪ ವ್ಯತ್ಯಾಸಕ್ಕೆ ದೊಡ್ಡದಾಗಿ ತಪ್ಪುತ್ತವೆಂದೂ 2020ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು. ಮಬ್ಬು ಚಿತ್ರವು ತನ್ನ ಅಜ್ಞಾನವನ್ನು ತಾನೇ ಒಪ್ಪಿಕೊಳ್ಳುತ್ತದೆ. ಈ ಚಿತ್ರವು ಒಪ್ಪಿಕೊಳ್ಳುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕಣ್ಣೂ ಊಹಿಸಿಯೇ ನೋಡುತ್ತದಲ್ಲವೆ, ಹಗ್ಗವು ಹಾವಾಗುವುದಿಲ್ಲವೆ, ಯಂತ್ರವನ್ನೇ ದೂರುವುದೇಕೆ ಎಂದು ಕೇಳಬಹುದು. ಮಾತು ಸರಿ. ಆದರೆ ಹಗ್ಗದ ಬಳಿಗೆ ದೀಪ ಹಿಡಿದು ಹೋಗಬಹುದು. ತಲೆಬುರುಡೆಯ ಒಳಕ್ಕೆ ದೀಪ ಹಿಡಿಯಬೇಕಾದರೆ ಶಸ್ತ್ರವನ್ನೇ ಹಿಡಿಯಬೇಕು. ಅದನ್ನು ತಪ್ಪಿಸುವುದಕ್ಕಾಗಿಯೇ ಅಲ್ಲವೆ ಚಿತ್ರವನ್ನು ತೆಗೆಸಿದ್ದು?

ಸಿ.ಟಿ. ಚಿತ್ರವು ಪ್ರತ್ಯಕ್ಷದ ವೇಷ ಹಾಕಿಕೊಂಡ ಅನುಮಾನ. ಹೊಗೆಯಿಂದ ಬೆಂಕಿಯನ್ನು ತಿಳಿಯುವ ನೈಯಾಯಿಕನಿಗೆ ಅನುಮಾನವೆಂಬುದು ಪ್ರಮಾಣ; ಕನ್ನಡದ ಮನೆಮಾತಿನಲ್ಲಿ ಅದೇ ಶಬ್ದಕ್ಕೆ ಸಂಶಯವೆಂದು ಅರ್ಥ. ಪಂಡಿತರು ಮನೆಮಾತಿನ ಅರ್ಥವನ್ನು ಅಪಭ್ರಂಶವೆಂದು ತಳ್ಳುವುದುಂಟು. ಈ ವಿದ್ಯೆಯ ಮಟ್ಟಿಗಾದರೂ ಹಾಗೆ ತಳ್ಳಲಾಗದು: ವಿದ್ಯಾರ್ಥಿಯು ಮೊದಲ ಅರ್ಥದಿಂದ ಚಿತ್ರವನ್ನು ಕಟ್ಟಬೇಕು, ಎರಡನೆಯ ಅರ್ಥವನ್ನು ಚಿತ್ರದೊಳಗೆ ಉಳಿಸಬೇಕು. ಅಳತೆ ಮಾತಾಡದ ಕಡೆ ಚಿತ್ರವೂ ಮಾತಾಡಕೂಡದು. ನೋಡುವವರಿಗೆ ಇದರಿಂದ ಸಮಾಧಾನ ಕಡಮೆಯಾಗುತ್ತದೆ, ನಿಜ. ಚೆಲುವಾದ ಚಿತ್ರವನ್ನೇ ವೈದ್ಯರೂ ಬಯಸುತ್ತಾರೆ, ಯಂತ್ರ ಮಾರುವವರೂ ಬಯಸುತ್ತಾರೆ.

ರಾಮಚಂದ್ರನ್ನರು ತಮ್ಮ ಕೊನೆಯ ದಶಕಗಳಲ್ಲಿ ತರ್ಕಶಾಸ್ತ್ರಕ್ಕೆ ತಿರುಗಿದರು. ಜೈನರ ಸ್ಯಾದ್ವಾದದಿಂದ ಹೆಸರನ್ನು ತೆಗೆದುಕೊಂಡು ಅವರು 1980ರ ದಶಕದಲ್ಲಿ ರಚಿಸಿದ ‘ಸ್ಯಾದ್‌ನ್ಯಾಯ’ ಗಣಿತದಲ್ಲಿ, ಸತ್ಯ ಅಸತ್ಯಗಳ ಜೊತೆಗೆ ಸಂದಿಗ್ಧಕ್ಕೂ ಒಂದು ಸ್ಥಾನವುಂಟು, ಪರಸ್ಪರವಿರುದ್ಧಕ್ಕೆ ಇನ್ನೊಂದು. ಮಬ್ಬನ್ನು ಹರಿಸಿದವರೇ ಸಂದಿಗ್ಧಕ್ಕೆ ಗಣಿತದಲ್ಲಿ ಪೀಠ ಹಾಕಿಕೊಟ್ಟರು.

ಪೇಟೆಯ ಮನೆಯಲ್ಲಿ ಹಾಳೆ ಇನ್ನೂ ಕಿಟಕಿಯ ಬಳಿಯಿದೆ. ಅದರೊಡನೆ ಬಂದ ವರದಿಯ ತುದಿಯಲ್ಲಿ, ಇದನ್ನು ರೋಗಲಕ್ಷಣಗಳೊಡನೆ ಹೋಲಿಸಿ ನೋಡತಕ್ಕದ್ದೆಂಬ ಅರ್ಥದ ಒಂದು ಸಾಲು ವಾಡಿಕೆಯಾಗಿ ಇರುತ್ತದೆ. ಅದನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ.