ನಿಲ್ಲುವ ಸಂತೋಷ

ಸುಖವನ್ನು ಬಯಸದ ಮನುಷ್ಯನಿಲ್ಲ. ಕೈಗೆ ಬಂದ ಸುಖವು ಉಳಿಯಲಿಲ್ಲವೆಂದು ಕೊರಗದವನೂ ವಿರಳ. ಹೊನ್ನಾಳಿಯ ರೈತನು ತುಂಬಿ ಹರಿಯುವ ತುಂಗಭದ್ರೆಯನ್ನು ಕಂಡು ಹಿಗ್ಗುವನು; ಅದೇ ಹೊಳೆ ದಡ ಮೀರಿದ ರಾತ್ರಿ ಅವನಿಗೆ ನಿದ್ದೆಯಿಲ್ಲ. ಜಗಳೂರಿನವನು ಮುಗಿಲನ್ನು ನಂಬಿ ಬಿತ್ತುವನು. ಮುಗಿಲು ಕೈಕೊಟ್ಟರೆ ಅವನ ವರುಷವೇ ಬರಿದಾಗುವುದು. ಮಲೆನಾಡಿಗೂ ಬಯಲುಸೀಮೆಗೂ ನಡುವಣ ವ್ಯಾಪಾರದ ಊರಾದ ನ್ಯಾಮತಿಯಲ್ಲಿ ಧಾರಣೆ ಏರಿದ ದಿನ ಮಾರುವವನ ಮನೆಯಲ್ಲಿ ಹಬ್ಬ, ಇಳಿದ ದಿನ ಕೊಳ್ಳುವವನ ಮನೆಯಲ್ಲಿ. ಹೊರಗಿನ ಕಾರಣದಿಂದ ಬಂದ ಸಂತೋಷವು ಆ ಕಾರಣದೊಡನೆಯೇ ಹೊರಟುಹೋಗುವುದೆಂಬುದನ್ನು ಈ ಸೀಮೆಯ ಜನಕ್ಕೆ ಶಾಸ್ತ್ರವು ಹೇಳಿಕೊಡಬೇಕಾಗಿಲ್ಲ. ಹೀಗಿರುವಲ್ಲಿ, ನಿಲ್ಲುವ ಸಂತೋಷವೆಂಬುದೊಂದು ಉಂಟೇ? ಉಂಟಾದರೆ ಅದು ದೊರೆಯುವ ಬಗೆ ಯಾವುದು?

ಉಂಟೆಂಬುದು ಕ್ರೈಸ್ತಧರ್ಮದ ಉತ್ತರ. ಆದರೆ ಭಕ್ತನಿಗೆ ದುಃಖವೇ ಬಾರದೆಂದು ಆ ಧರ್ಮವು ಎಲ್ಲಿಯೂ ಆಶೆ ತೋರಿಸುವುದಿಲ್ಲ. ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರಿಕೆಯು ನಾಲ್ಕೇ ಅಧ್ಯಾಯಗಳ ಸಣ್ಣ ಬರೆವಣಿಗೆ. ಸಂತೋಷದ ಮಾತು ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಬರೆದವನಾದರೋ ಸೆರೆಯಲ್ಲಿದ್ದನು, ಮುಂದೆ ಕಾದಿರುವುದು ಬಿಡುಗಡೆಯೋ ಮರಣವೋ ಎಂಬುದು ಅವನಿಗೆ ನಿಶ್ಚಯವಾಗಿರಲಿಲ್ಲ. ಸಾವಿನ ಬಾಯಿಂದ ಪಾರಾದ ಗೆಳೆಯನೊಬ್ಬನ ಕಾಯಿಲೆಯನ್ನು ನೆನೆಯುವಾಗ ಅವನು ತನ್ನ ಸಂಕಟವನ್ನು ಮರೆಮಾಡುವುದೂ ಇಲ್ಲ. ಹಬಕ್ಕೂಕನೆಂಬ ಪ್ರವಾದಿಯು ಅಂಜೂರ, ದ್ರಾಕ್ಷೆ, ಎಣ್ಣೆಮರ, ಹೊಲ, ಕುರಿಹಟ್ಟಿ, ದನದ ಕೊಟ್ಟಿಗೆ ಇವೆಲ್ಲ ಬರಿದಾಗುವುದನ್ನು ಒಂದೊಂದಾಗಿ ಎಣಿಸಿ, ಆ ಬಳಿಕವೂ ದೇವರಲ್ಲಿ ಉಲ್ಲಾಸಗೊಳ್ಳುವೆನೆಂದು ನಿಶ್ಚಯಿಸುತ್ತಾನೆ. ಬರಗಾಲವನ್ನು ಕಂಡವರಿಗೆ ಈ ಲೆಕ್ಕವು ಹೊಸದಲ್ಲ. ಲೆಕ್ಕದ ಮುಗಿತಾಯವು ಮಾತ್ರ ಹೊಸದು. ಮಳೆ ಬಂದರೆ ನಂಬುವೆನೆಂಬುದು ವ್ಯಾಪಾರ. ಮಳೆ ಬಾರದಿದ್ದರೂ ತನ್ನನ್ನು ಕೈಬಿಡದವನೊಬ್ಬನಿದ್ದಾನೆಂದು ಭಾರವನ್ನೆಲ್ಲ ಅವನ ಮೇಲೆ ಇಡುವುದು ವಿಶ್ವಾಸ.

ಸಂತೋಷಕ್ಕೆ ಮೂಲವು ವಿಶ್ವಾಸವೇ ಆದರೆ ಪ್ರತಿದಿನವೂ ಗ್ರಂಥವನ್ನು ಓದಬೇಕಾದುದೇಕೆ ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ನೆಹೆಮೀಯನ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ ಒಂದು ಸಮಾಧಾನವಿದೆ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ, ಸೆರೆಯಿಂದ ಮರಳಿದ್ದ ಜನರು ಯೆರೂಸಲೇಮಿನ ನೀರುಬಾಗಿಲಿನ ಮುಂದೆ ಕೂಡಿದರು. ಎಜ್ರನು ಬೆಳಗಿನಿಂದ ನಡುಹಗಲಿನವರೆಗೆ ಧರ್ಮಶಾಸ್ತ್ರವನ್ನು ಓದಿದನು. ಲೇವಿಯರು ಅದರ ಅರ್ಥವನ್ನು ಬಿಡಿಸಿ ತಿಳಿಸಿದರು. ಕೇಳಿದವರು ಮೊದಲು ಅತ್ತರು. ಅಳಬೇಡಿರಿ, ದೇವರಲ್ಲಿನ ಸಂತೋಷವೇ ನಿಮಗೆ ಬಲವೆಂಬ ಬುದ್ಧಿವಾದವು ಬಂದುದು ಆಮೇಲೆ. ಈ ಕ್ರಮವು ಗಮನಿಸತಕ್ಕದ್ದು. ಓದಿದುದು ಅರ್ಥವಾಯಿತು, ಅರ್ಥವಾದುದರಿಂದ ತಮ್ಮ ಬಾಳಿನ ಕೊರತೆ ಕಂಡಿತು, ಕೊರತೆ ಕಂಡವರಿಗೆ ಕ್ಷಮೆಯು ಕಂಡಿತು, ಸಂತೋಷವು ಅಲ್ಲಿಂದ ಹುಟ್ಟಿತು. ಅಳುವನ್ನು ದಾಟದೆ ನಗುವನ್ನು ಮಾತ್ರ ಬಯಸುವ ಓದು ಆ ಸಂತೋಷವನ್ನು ಮುಟ್ಟಲಾರದು.

ಅರ್ಥವಾಗಬೇಕಾದರೆ ಮಾತು ತನ್ನದಾಗಿರಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು, ಸತ್ಯವೇದವನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ವರ್ಷಾನುಗಟ್ಟಲೆ ದುಡಿದರು. 1830ರ ದಶಕದ ಮೊದಲಲ್ಲಿ ಸಮಗ್ರ ಗ್ರಂಥವು ಕನ್ನಡಿಗರ ಕೈಸೇರಿತು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ಪಂಡಿತರು ಮುಂದೆ ಆ ಭಾಷಾಂತರವನ್ನು ತಿದ್ದುವ ಹೊಣೆಯನ್ನು ಹೊತ್ತರು. 1894ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಅವರು ಅದಕ್ಕೆ ಬಹು ಮುಂಚೆ, 1862ರಲ್ಲಿಯೇ, ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂಬ ಕನ್ನಡ ಪದ್ಯಕೃತಿಯಾಗಿ ಹೊರತಂದಿದ್ದರು. ಮನುಷ್ಯನು ಅಳುವುದೂ ನಗುವುದೂ ಮನೆಮಾತಿನಲ್ಲಿಯೇ ಎಂಬ ತಿಳಿವಳಿಕೆ ಈ ಪರಿಶ್ರಮದ ಹಿಂದೆ ಕಾಣುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುವುದು. ನಿತ್ಯಪಾಠವು ಗಿಳಿಪಾಠವಾಗಲಾರದೇ? ಒಂದೇ ಮಾತನ್ನು ದಿನವೂ ಓದಿ ಮನಸ್ಸನ್ನು ಸಂತೈಸಿಕೊಳ್ಳುವುದು ಆತ್ಮವಂಚನೆಯಲ್ಲವೇ? ಈ ಅಪಾಯವು ನಿಜವಾದುದೇ. ಹಿತವಾದ ವಾಕ್ಯಗಳನ್ನು ಮಾತ್ರ ಆರಿಸಿ ಓದುವವನಿಗೆ ಅದು ತಪ್ಪದು. ಕ್ರಮವಾಗಿ ಓದುವವನಿಗಾದರೋ ಗ್ರಂಥವೇ ಎದುರಾಡುತ್ತದೆ. ಯೋಬನು ದೇವರೊಡನೆ ವಾದಿಸುತ್ತಾನೆ. 150 ಕೀರ್ತನೆಗಳಲ್ಲಿ ಸ್ತುತಿಯ ಪಕ್ಕದಲ್ಲಿಯೇ ಗೋಳೂ ದೂರೂ ಇವೆ. ತನ್ನ ದೂರನ್ನು ತನಗಿಂತ ಮೊದಲೇ ಹೇಳಿರುವ ಗ್ರಂಥವು ಓದುಗನನ್ನು ವಂಚಿಸುವುದೆಂತು? ಊರ ಜಗಲಿಯಲ್ಲಿ ಭಾರತವಾಚನವನ್ನು ವರುಷವರುಷವೂ ಕೇಳಿದ ಕನ್ನಡದ ಹಿರಿಯರು ಈ ಗುಟ್ಟನ್ನು ಬಲ್ಲರು. ಬಾಲ್ಯದಲ್ಲಿ ಕೇಳಿ ಮರೆತ ಅಭಿಮನ್ಯುವಿನ ಕಥೆಯು ಮಗನನ್ನು ಕಳೆದುಕೊಂಡ ವರುಷ ಬೇರೆಯೇ ಆಗಿ ಕೇಳಿಸುವುದು. ಕಥೆ ಬದಲಾಗಲಿಲ್ಲ, ಒಳಗೆ ಇಳಿದು ಕಾದಿತ್ತು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡಿದವರಿಗೆ ಈ ವಿಷಯವು ಸುಲಭವಾಗಿ ಮನಗಾಣುವುದು. ಎರಡು ಗುಡ್ಡಗಳ ನಡುವೆ ಹಿಂದಿನವರು ಏರಿ ಕಟ್ಟಿದರು. ಏರಿಯು ಮಳೆಯನ್ನು ಕರೆಯಲಾರದು. ಏರಿಯಿಲ್ಲದಿದ್ದರೆ ಬಂದ ಮಳೆಯೂ ನಿಲ್ಲದು. ನಿತ್ಯಪಾಠವೂ ಹಾಗೆಯೇ. ಕೃಪೆಯು ದೇವರದು, ಬೆಳಗಿನಲ್ಲಿಯೋ ದೀಪ ಹಚ್ಚಿದ ಹೊತ್ತಿನಲ್ಲಿಯೋ ಮನೆಯವರೆಲ್ಲ ಕುಳಿತು ಓದುವ ಒಂದು ಅಧ್ಯಾಯವು ಅದನ್ನು ಹಿಡಿದಿಡುವ ಏರಿ. ಏರಿಯನ್ನು ಬರಗಾಲದಲ್ಲಿ ಕಟ್ಟತೊಡಗಿದರೆ ಆ ವರುಷಕ್ಕೆ ಅದು ಒದಗದು. ಆದುದರಿಂದ ಸೌಖ್ಯದ ದಿನಗಳ ಓದೇ ಮುಖ್ಯವಾದುದು, ಆಗ ಅದರ ಅವಶ್ಯಕತೆ ತೋರದಿದ್ದರೂ ಸರಿಯೇ.

ಕೆರೆಯ ನೀರಿಗೆ ತೂಬೂ ಬೇಕು. ಅಂದು ಯೆರೂಸಲೇಮಿನ ಜನರಿಗೆ ಸಂತೋಷಪಡಿರೆಂದವರು, ಏನೂ ಸಿದ್ಧವಿಲ್ಲದವರ ಮನೆಗೆ ಊಟದ ಪಾಲನ್ನು ಕಳುಹಿಸಿರೆಂದೂ ಹೇಳಿದರು. ಒಬ್ಬನ ಸಂತೋಷವು ನಿಲ್ಲುವಂಥದೋ ಅಲ್ಲವೋ ಎಂಬುದನ್ನು ಅವನ ಮುಖದ ಕಳೆಯಿಂದ ಅಳೆಯಬೇಕಾಗಿಲ್ಲ. ತನ್ನ ಮನೆಯಲ್ಲಿಯೇ ಕೊರತೆಯಿರುವ ವರುಷ ಅವನು ನೆರೆಮನೆಗೆ ಕಳುಹಿಸುವ ಪಾಲಿನಿಂದ ಅಳೆಯಬಹುದು.