ಎರಡನೆಯ ಹೆಸರು

ಟೆಕ್ಸಸ್‌ನ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತವರ ಹೆಸರುಗಳು ಜೋಡಿಜೋಡಿಯಾಗಿ ಇರುತ್ತವೆ. ಗುರುತು ಹಾಕಲು ಜಾಗ ಮಾತ್ರ ಜೋಡಿಗೊಂದೇ. ಮೊದಲನೆಯವರು ಬೇಕು, ಎರಡನೆಯವರು ಬೇಡ ಎನ್ನಲು ಬರುವುದಿಲ್ಲ. ಇಲ್ಲಿ ಹ್ಯೂಸ್ಟನ್‌ನಲ್ಲಿ ನನಗೆ ಗೊತ್ತಿರುವ ಕನ್ನಡದವರಲ್ಲಿ ಹಲವರು ಆ ಎರಡನೆಯ ಹೆಸರಿನ ಗೋಜಿಗೇ ಹೋಗುವುದಿಲ್ಲ. ‘ಉಪಾಧ್ಯಕ್ಷರು ಯಾರಾದರೇನು ದೊಡ್ಡಮ್ಮ, ಅವರಿಗೇನು ಕೆಲಸ ಇರ್ತದೆ?’ ಎಂದು 2024ರ ಚುನಾವಣೆಯ ಹೊತ್ತಿಗೆ ತಂಗಿಯ ಮಗ ಕೇಳಿದ. ಊಟಕ್ಕೆ ಕೂತಾಗ ಕೊಟ್ಟ ಉತ್ತರ ಆ ಪ್ರಶ್ನೆಗೆ ಸಾಲದು.

ಎರಡನೆಯ ಹೆಸರು ಮತದಾರರ ಮೇಲೆ ಎಷ್ಟು ಪರಿಣಾಮ ಮಾಡುತ್ತದೆ ಎಂಬುದನ್ನು ಕ್ರಿಸ್ಟೋಫರ್ ಡಿವೈನ್, ಕೈಲ್ ಕಾಪ್ಕೊ ಎಂಬ ರಾಜ್ಯಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಉಪಾಧ್ಯಕ್ಷ ಅಭ್ಯರ್ಥಿ ತನ್ನ ರಾಜ್ಯವನ್ನು ಗೆದ್ದುಕೊಡುತ್ತಾನೆ ಎಂಬ ಹಳೆಯ ನಂಬಿಕೆಗೆ ಅವರ ಅಂಕಿಅಂಶಗಳಲ್ಲಿ ಆಧಾರ ಬಹಳ ಕಡಿಮೆ. ಜನ ಆ ಹೆಸರನ್ನು ನೋಡಿ ಅದನ್ನು ಆರಿಸಿದವರ ವಿವೇಕವನ್ನು ಅಳೆಯುತ್ತಾರೆ ಎನ್ನುವುದೇ ಅವರು ಕಂಡ ಮುಖ್ಯ ಸಂಗತಿ. 1972ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾರ್ಜ್ ಮೆಕ್‌ಗವರ್ನ್ ತಮ್ಮ ಜೋಡಿಯಾಗಿ ಮಿಸೌರಿಯ ಥಾಮಸ್ ಈಗಲ್ಟನ್ ಅವರನ್ನು ಅವಸರದಲ್ಲಿ ಆರಿಸಿದರು. ಈಗಲ್ಟನ್ ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಚಿಕಿತ್ಸೆ ಪಡೆದಿದ್ದರೆಂಬುದು ಹೊರಬಿದ್ದಾಗ ಮೊದಲು ಪೂರ್ಣ ಬೆಂಬಲ ಸಾರಿ, ಕೆಲವೇ ದಿನಗಳಲ್ಲಿ ಅವರನ್ನು ಕಣದಿಂದ ಇಳಿಸಿದರು. ಈಗಲ್ಟನ್ ಅಭ್ಯರ್ಥಿಯಾಗಿದ್ದದ್ದು 18 ದಿನ. ಕಾಯಿಲೆ ಅವರ ತಪ್ಪಲ್ಲ. ಮಿಸೌರಿಯ ಜನ ಮುಂದೆಯೂ ಅವರನ್ನು ಸೆನೆಟ್‌ಗೆ ಕಳುಹಿಸಿದರು. ಪೆಟ್ಟು ಬಿದ್ದದ್ದು ಮೆಕ್‌ಗವರ್ನ್ ಮೇಲಿನ ನಂಬಿಕೆಗೆ.

ಇದು ಗೆಲುವು ಸೋಲಿನ ಲೆಕ್ಕ. ನನ್ನನ್ನು ಕಾಡುವುದು ಬೇರೆ: ಆ ಗುರುತು ಹಾಕಿದವಳಿಗೆ ಎರಡನೆಯ ಹೆಸರಿನವರು ಮುಂದೆ ಮಾಡುವ ಕೆಲಸದಲ್ಲಿ ಎಷ್ಟು ಪಾಲು?

ಮೂಡುಬಿದಿರೆಯ ಜೈನ ಮನೆಯಲ್ಲಿ ಬೆಳೆದ ನನಗೆ ಈ ಪ್ರಶ್ನೆ ಹೊಸದಲ್ಲ. ಕೃತ, ಕಾರಿತ, ಅನುಮೋದನೆ ಎಂದು ಅಜ್ಜಿ ಹೇಳಿಕೊಡುತ್ತಿದ್ದರು. ತಾನೇ ಮಾಡಿದರೂ, ಇನ್ನೊಬ್ಬರಿಂದ ಮಾಡಿಸಿದರೂ, ಮಾಡಿದವರಿಗೆ ಮನಸಾರೆ ಒಪ್ಪಿಗೆ ಕೊಟ್ಟರೂ ಕರ್ಮ ಅಂಟುತ್ತದೆ. ಮತದಾನವೆಂದರೆ ಇನ್ನೊಬ್ಬರಿಂದ ಮಾಡಿಸುವುದು, ಒಪ್ಪಿಗೆ ಕೊಡುವುದು ತಾನೇ? ಇನ್ನೊಂದು ಮಾತೂ ಇದೆ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರದಿಂದ ನಡೆಯುವವನ ಕಾಲಡಿ ಅರಿವಿಲ್ಲದೆ ಜೀವ ಹೋಗುವುದು ಒಂದು. ನೆಲ ನೋಡದೆ ನಡೆಯುವುದು ಇನ್ನೊಂದು. ಜೀವ ಹೋಗದೆ ಇದ್ದರೂ ಎರಡನೆಯವನಲ್ಲಿ ದೋಷ ಇದ್ದೇ ಇರುತ್ತದೆ.

ಈ ದೇಶದಲ್ಲಿ ಈವರೆಗೆ 9 ಉಪಾಧ್ಯಕ್ಷರು ಅವಧಿಯ ನಡುವೆಯೇ ಅಧ್ಯಕ್ಷರಾಗಿದ್ದಾರೆ. 8 ಸಲ ಅಧ್ಯಕ್ಷರ ಸಾವಿನಿಂದ, ಒಮ್ಮೆ ನಿಕ್ಸನ್ ರಾಜೀನಾಮೆಯಿಂದ. ಹೀಗಿರುವಾಗ ಎರಡನೆಯ ಹೆಸರನ್ನು ಓದದಿರುವುದು ನೆಲ ನೋಡದೆ ನಡೆದಂತೆಯೇ. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಕಿವಿಗೆ ಗುಂಡು ತಗುಲಿತು. ಜುಲೈ 15ರಂದು ಅವರು ಉಪಾಧ್ಯಕ್ಷ ಅಭ್ಯರ್ಥಿಯಾಗಿ ವ್ಯಾನ್ಸ್ ಹೆಸರು ಘೋಷಿಸಿದರು. ಆ ಎರಡು ದಿನಗಳ ನಂತರವೂ ಉಪಾಧ್ಯಕ್ಷರಿಗೇನು ಕೆಲಸ ಎಂದು ಕೇಳಬಹುದೇ? ಯಾವ ಪಕ್ಷದವರಾದರೂ ಸರಿ, ಅಭ್ಯರ್ಥಿ ತನ್ನ ಸಾವನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕಾದ ನಿರ್ಧಾರ ಇದು. ಮತದಾರಳೂ ಹಾಗೆಯೇ ಯೋಚಿಸಬೇಕು.

ಆದರೆ ಅಭ್ಯರ್ಥಿಗಳು ನೋಡುವುದು ಸಮತೋಲನವನ್ನು. ತನ್ನಂತಲ್ಲದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ತನಗೆ ಸಿಗದ ಮತ ಬರುತ್ತದೆ ಎಂಬ ಲೆಕ್ಕ. ನನ್ನ ಕಳವಳ ಇಲ್ಲಿಯೇ. ಮೊದಲನೆಯವರ ಆಶಯಕ್ಕಾಗಿ ಮತ ಕೊಟ್ಟವರಿಗೆ, ಅವರು ಸತ್ತ ದಿನ, ಅವರಿಗಿಂತ ಬೇರೆಯಾಗಿರುವುದಕ್ಕೆಂದೇ ಆಯ್ಕೆಯಾದವರು ಸಿಗುತ್ತಾರೆ. 1864ರಲ್ಲಿ ಲಿಂಕನ್ ಜೊತೆ ಆಗಿನ ಉಪಾಧ್ಯಕ್ಷ, ಮೇನ್ ರಾಜ್ಯದ ಹ್ಯಾಮ್ಲಿನ್ ಬದಲು ಟೆನೆಸಿಯ ಆಂಡ್ರ್ಯೂ ಜಾನ್ಸನ್ ನಿಂತರು. ದಕ್ಷಿಣದವರು, ಡೆಮಾಕ್ರಾಟ್, ಗುಲಾಮರನ್ನು ಇಟ್ಟುಕೊಂಡಿದ್ದವರು. 1865ರ ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾಯಿತು. ಬಿಡುಗಡೆಯಾದ ಗುಲಾಮರಿಗೆ ಸೇನೆ ಹಂಚಿದ್ದ ಭೂಮಿ ಜಾನ್ಸನ್ ಆಳ್ವಿಕೆಯಲ್ಲಿ ಹಳೆಯ ಒಡೆಯರ ಕೈಗೇ ಮರಳಿತು. 1866ರ ನಾಗರಿಕ ಹಕ್ಕುಗಳ ಮಸೂದೆಗೂ ಅವರು ತಡೆ ಹಾಕಿದರು. ಕಾಂಗ್ರೆಸ್ ಅದನ್ನು ಮೀರಿ ಕಾನೂನು ಮಾಡಬೇಕಾಯಿತು. ಜಾನ್ಸನ್ ಯಾರೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಇದನ್ನು ಪ್ರಮಾದ ಎನ್ನದೆ ಏನೆನ್ನಲಿ?

1944ರ ಮತದಾರರನ್ನು ಹಾಗೆ ದೂರಲಾರೆ. ಆ ವರ್ಷದ ಮಾರ್ಚ್‌ನಲ್ಲೇ ವೈದ್ಯರು ರೂಸ್‌ವೆಲ್ಟ್ ಹೃದಯ ಸೋಲುತ್ತಿರುವುದನ್ನು ಗುರುತಿಸಿದ್ದರು. ಪಕ್ಷದ ದೊಡ್ಡವರು ಅವರ ಸ್ಥಿತಿ ಊಹಿಸಿಯೇ ಆಗಿನ ಉಪಾಧ್ಯಕ್ಷ ವ್ಯಾಲೇಸ್ ಅವರನ್ನು ತೆಗೆದು ಟ್ರೂಮನ್ ಅವರನ್ನು ತಂದರು. ಜನರಿಗೆ ಮಾತ್ರ ನಿಜ ಹೇಳಲಿಲ್ಲ. ಟ್ರೂಮನ್ ಉಪಾಧ್ಯಕ್ಷರಾಗಿದ್ದದ್ದು 82 ದಿನ. ಅಣುಬಾಂಬಿನ ಪೂರ್ಣ ವಿವರ ಅವರಿಗೆ ತಿಳಿದದ್ದೇ ಅಧ್ಯಕ್ಷರಾದ ಮೇಲೆ. ಮರುವರ್ಷದ ಆಗಸ್ಟ್‌ನಲ್ಲಿ ಹಿರೋಶಿಮಾ ಉರಿಯಿತು. ನೋಡುವ ಕಣ್ಣನ್ನೇ ಕಟ್ಟಿದ್ದಾಗ, ದೋಷದಲ್ಲಿ ಕಟ್ಟಿದವರ ಪಾಲೇ ದೊಡ್ಡದು.

ಇಷ್ಟು ಕೇಳಿದ ಹುಡುಗ 1960ನ್ನು ಎತ್ತಿದ. ಚರಿತ್ರೆ ಓದಿಕೊಂಡವನು. ಆ ವರ್ಷ ಕ್ಯಾಥೊಲಿಕ್ ಒಬ್ಬ ಅಧ್ಯಕ್ಷನಾದರೆ ಪೋಪ್ ಮಾತು ನಡೆಯುತ್ತದೆಂಬ ಭಯ ಇತ್ತು. ಕೆನಡಿ ಸೆಪ್ಟೆಂಬರ್ 12ರಂದು ನಮ್ಮ ಹ್ಯೂಸ್ಟನ್‌ಗೇ ಬಂದು, ರೈಸ್ ಹೋಟೆಲ್‌ನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಪಕ್ಕದಲ್ಲಿ ಟೆಕ್ಸಸ್‌ನ ಪ್ರಾಟೆಸ್ಟಂಟ್ ಲಿಂಡನ್ ಜಾನ್ಸನ್ ಇದ್ದರು. ಜೋಡಿ ಈ ರಾಜ್ಯವನ್ನು ಗೆದ್ದದ್ದು ಸುಮಾರು 46,000 ಮತಗಳಿಂದ. ಗೆಲುವಿನಲ್ಲಿ ಜಾನ್ಸನ್ ಪಾಲೆಷ್ಟೆಂದು ಇವತ್ತಿಗೂ ವಾದ ನಡೆದಿದೆ. 1963ರ ನವೆಂಬರ್ 22ರಂದು ಡಾಲಸ್‌ನಲ್ಲಿ ಕೆನಡಿ ಹತ್ಯೆಯಾದ ಮೇಲೆ, ವಿಮಾನದೊಳಗೆ, ಅವಸರದಲ್ಲಿ ಕೈಗೆ ಸಿಕ್ಕ ಕ್ಯಾಥೊಲಿಕ್ ಪ್ರಾರ್ಥನಾ ಪುಸ್ತಕದ ಮೇಲೆ ಕೈಯಿಟ್ಟು ಜಾನ್ಸನ್ ಪ್ರಮಾಣವಚನ ತೆಗೆದುಕೊಂಡರು. ಮುಂದೆ ವಿಯೆಟ್ನಾಂ ಯುದ್ಧವನ್ನು ಹಿಗ್ಗಿಸಿದ್ದೂ ಅವರೇ, 1964ರ ನಾಗರಿಕ ಹಕ್ಕುಗಳ ಕಾಯ್ದೆ ತಂದದ್ದೂ ಅವರೇ. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಅವರು ಸಹಿ ಹಾಕಿದ ವಲಸೆ ಕಾನೂನಿಂದಲೇ ವರ್ಷಕ್ಕೆ ಬರೀ 100 ಇದ್ದ ಭಾರತದ ಕೋಟಾ ಹೋಯಿತು, ನಮ್ಮಂಥವರಿಗೆ ದಾರಿಯಾಯಿತು.

‘ಹಾಗಾದರೆ, ಕ್ಯಾಥೊಲಿಕ್ ಭಯಕ್ಕೆ ಜಾನ್ಸನ್ ಮುಖ ನೋಡಿ ಮತ ಹಾಕಿದ ಇಲ್ಲಿಯ ರೈತನಿಗೆ ಆ ಪುಣ್ಯದಲ್ಲಿ ಪಾಲುಂಟಾ ದೊಡ್ಡಮ್ಮ?’

ಇಲ್ಲ ಎಂದೆ. ಅವನು ಒಪ್ಪಿಗೆ ಕೊಟ್ಟದ್ದು ಇದಕ್ಕಲ್ಲ. ಬಹುಶಃ ನಾವು ಬರುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ಫಲ ಒಳ್ಳೆಯದಾಯಿತೆಂದು ಭಾವ ಶುದ್ಧವಾಗುವುದಿಲ್ಲ. ಆದರೂ ಆ 46,000ದಲ್ಲಿ ಅವನಿದ್ದ, ನಾನು ಈ ಊರಿನಲ್ಲಿದ್ದೇನೆ. ಆ ಋಣ ನನ್ನ ಕಡೆಯಿಂದ ಇದ್ದೇ ಇದೆ. ಹುಡುಗ ಇದನ್ನು ಒಪ್ಪಲಿಲ್ಲ. ಪುಣ್ಯವಿಲ್ಲದವನಿಗೆ ಋಣವೇಕೆ ಎನ್ನುತ್ತಾನೆ. ನವೆಂಬರ್‌ನಲ್ಲಿ ಮತ ಹಾಕುವ ಮುಂಚೆ ಇಬ್ಬರು ಉಪಾಧ್ಯಕ್ಷ ಅಭ್ಯರ್ಥಿಗಳ ಹಳೆಯ ಭಾಷಣಗಳನ್ನೂ ಅವರು ಮಾಡಿದ ಕೆಲಸಗಳನ್ನೂ ಇಬ್ಬರೂ ಕೂತು ಓದಿದೆವು. ಆಮೇಲೆ ಅವನು ಹಾಕಿದ ಮತ ನನ್ನದಕ್ಕಿಂತ ಬೇರೆ.