ಅಂಜದೀವಕ್ಕೆ ಬಂದ ದೂತ

ಭಟ್ಕಳದ ಬಳಿಯ ಬೆಳಕೆಯಿಂದ ಕಾರವಾರದ ದಾರಿ ಹಿಡಿದರೆ ಶರಾವತಿ, ಅಘನಾಶಿನಿ, ಗಂಗಾವಳಿ ಒಂದೊಂದಾಗಿ ಹಿಂದೆ ಸರಿಯುತ್ತವೆ. ಬಿಣಗಾದ ಆಚೆ ಕಡಲಲ್ಲಿ ಅಂಜದೀವ ಎಂಬ ದ್ವೀಪವಿದೆ. ಲೆಕ್ಕಕ್ಕೆ ಗೋವಾದ್ದು, ಕಾವಲು ನೌಕಾಪಡೆಯದ್ದು, ನಮ್ಮಂಥವರು ಕಾಲಿಡುವಂತಿಲ್ಲ. ದೂರದಿಂದ ನೋಡಬಹುದು, ಅಷ್ಟೇ. ನನಗಂತೂ ಅದನ್ನು ನೆನೆದಾಗಲೆಲ್ಲ ಕಣ್ಣಮುಂದೆ ಬರುವವನು ವಾಸ್ಕೊ ಡ ಗಾಮನಲ್ಲ, ಅವನೆದುರು ಬಂದು ನಿಂತ ಒಬ್ಬ ಯೆಹೂದಿ.

1498ರ ಸೆಪ್ಟೆಂಬರ್ ಕೊನೆ. ಕಲ್ಲಿಕೋಟೆಯಿಂದ ಊರಿಗೆ ಹೊರಟ ಗಾಮ ಸಿಹಿನೀರಿಗಾಗಿ, ಹಡಗಿನ ತಳ ಕೆರೆದು ರಿಪೇರಿ ಮಾಡುವುದಕ್ಕಾಗಿ ಅಂಜದೀವದಲ್ಲಿ ಲಂಗರು ಹಾಕಿದ್ದ. ಆಗ ನಲವತ್ತರ ಆಸುಪಾಸಿನ ಒಬ್ಬ ಬಂದ. ತಲೆಗೆ ನಯವಾದ ರುಮಾಲು, ಸೊಂಟದಲ್ಲಿ ಕತ್ತಿ. ಬಂದವನೇ ಗಾಮನನ್ನೂ ಉಳಿದ ಕಪ್ತಾನರನ್ನೂ ತಬ್ಬಿಕೊಂಡ. ಅಚ್ಚುಕಟ್ಟಾದ ವೆನಿಸ್ ಭಾಷೆಯಲ್ಲಿ ಮಾತಿಗೆ ತೊಡಗಿದ: ತಾನು ಪಡುವಣ ದೇಶದ ಕ್ರೈಸ್ತ, ಎಳೆವಯಸ್ಸಿನಲ್ಲೇ ಈ ಕಡೆ ಬಂದವನು, ಈಗ ನಲವತ್ತು ಸಾವಿರ ಕುದುರೆ ಸವಾರರಿರುವ ದೊರೆಯ ಚಾಕರಿಯಲ್ಲಿದ್ದೇನೆ, ಹೊರಗೆ ಮುಸ್ಲಿಮನಾದರೂ ಒಳಗೆ ನಿಮ್ಮವನೇ. ಮಾತಿನ ನಡುವೆ, ಜೊತೆಯವನಿಗೆ ಕೊಡಬೇಕೆಂದು ಒಂದು ಚೀಸು ಕೇಳಿದ. ಕೊಟ್ಟರು, ಜೊತೆಗೆ ಎರಡು ಮೆತ್ತನೆಯ ಬ್ರೆಡ್ಡು. ಆ ಪಯಣದ ದಿನಚರಿ ಬರೆದವನು ಇದನ್ನೂ ಬಿಡದೆ ದಾಖಲಿಸಿದ್ದಾನೆ. ಮಾತು ಎಷ್ಟು ಹೆಚ್ಚಾಯಿತೆಂದರೆ, ಆಡಿದ್ದನ್ನು ತಾನೇ ಅಲ್ಲಗಳೆಯತೊಡಗಿದ ಎಂದೂ ಬರೆದಿದ್ದಾನೆ.

ಗಾಮನ ಅಣ್ಣ ಪಾವ್ಲೊಗೆ ಅನುಮಾನ ಬಂತು. ಕಟ್ಟಿಸಿ ಹೊಡೆಸಿದರು. ಸುತ್ತಲ ಕೊಲ್ಲಿಗಳಲ್ಲಿ ದೋಣಿಗಳು ಅಡಗಿ ಕಾದಿವೆ, ಇನ್ನೂ ನಲವತ್ತು ಹಡಗು ಬರಲಿವೆ ಎಂದು ಬಾಯಿ ಬಿಟ್ಟ. ನಿಜವಾದ ಕೆಲಸವನ್ನು ಹೇಳಿದ್ದು ಮಾತ್ರ ಹಡಗು ನಡುಗಡಲು ಸೇರಿದ ಎಷ್ಟೋ ದಿನಗಳ ಮೇಲೆ. ಕರಾವಳಿಯಲ್ಲಿ ಯಾರೋ ಪರದೇಶಿಗಳು ಅಲೆಯುತ್ತಿದ್ದಾರೆಂದು ಕೇಳಿ ಗೋವಾದ ದೊರೆ ಇವನನ್ನು ಅಟ್ಟಿದ್ದ. ಗಟ್ಟಿ ಆಳುಗಳಂತೆ, ಒಲಿಸಿ ಕರೆತಂದರೆ ನೆರೆಯ ಅರಸರ ಮೇಲಿನ ಯುದ್ಧಕ್ಕೆ ಆದಾರು ಎಂಬ ಲೆಕ್ಕಾಚಾರ. ಅಂದರೆ ಇವನು ಬಂದದ್ದು ರಾಯಭಾರಕ್ಕೆ. ಒಲಿಸಲು ಬಂದವನನ್ನೇ ಹೊತ್ತುಕೊಂಡು ಹೋದರು.

ಲಿಸ್ಬನ್ನಿನಲ್ಲಿ ದೀಕ್ಷಾಸ್ನಾನವಾಗಿ ಗಾಸ್ಪರ್ ಡ ಗಾಮ ಆದ. ಸೆರೆ ಹಿಡಿದವನ ಮನೆತನದ ಹೆಸರೇ ಅವನ ಹೆಸರಿಗೆ ಅಂಟಿತು. ಪೋಲೆಂಡಿನ ಪೋಜ್ನಾನ್ ಮೂಲದ ಮನೆ, ಹುಟ್ಟಿದ್ದು ಅಲೆಕ್ಸಾಂಡ್ರಿಯಾದಲ್ಲಿ ಎಂದು ಇತಿಹಾಸಕಾರ ದಮಿಯಾವ್ ದ ಗೋಯಿಸ್ ಬರೆಯುತ್ತಾನೆ. ಗ್ರನಾಡದವನು ಎಂದವರೂ ಇದ್ದಾರೆ. ಮತಾಂತರವಾಗಿ, ಇಲ್ಲವೇ ದೇಶ ಬಿಡಿ ಎಂದು ಯೆಹೂದಿಗಳಿಗೆ ಪೋರ್ಚುಗಲ್ಲಿನ ದೊರೆ ಮಾನುಯೆಲ್ ಅಪ್ಪಣೆ ಹೊರಡಿಸಿದ್ದು 1496ರಲ್ಲಿ. ಅದೇ ದೊರೆಗೆ ಮೂರೇ ವರ್ಷದಲ್ಲಿ ಒಬ್ಬ ಯೆಹೂದಿಯ ನಾಲಿಗೆ ಬೇಕಾಯಿತು. ದೊರೆಗಳ ತತ್ತ್ವ ಎಷ್ಟು ದೂರ ಬರುತ್ತದೆ ಎಂಬುದು ಇಂಥ ಹೊತ್ತಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಅಲ್ಲಿಂದ ಮುಂದೆ ಅವನಿಗೆ ಬಿಡುವೇ ಇಲ್ಲ. 1500ರಲ್ಲಿ ಪೋರ್ಚುಗೀಸ್ ಕಪ್ತಾನ ಕಬ್ರಾಲನ ಹಡಗುಗಳೊಂದಿಗೆ ಹೊರಟ. ಅವು ದಾರಿಯಲ್ಲಿ ಬ್ರೆಜಿಲ್ ತೀರ ಮುಟ್ಟಿದವು. ಕಲಿತ ಯಾವ ಭಾಷೆಯೂ ಅಲ್ಲಿ ನಡೆಯಲಿಲ್ಲ. ಕಲ್ಲಿಕೋಟೆಯಲ್ಲಿ ನಡೆಯಿತು, ಆದರೆ ಅಲ್ಲಿನ ಅರಸ ಸಾಮೂತಿರಿಯ ಜೊತೆಗಿನ ಮಾತುಕತೆ ರಕ್ತಪಾತದಲ್ಲಿ ಮುಗಿಯಿತು. ಮರಳುವಾಗ, 1501ರಲ್ಲಿ, ಆಫ್ರಿಕಾದ ಕೇಪ್ ವರ್ಡೆ ಬಳಿ ಅಮೆರಿಗೊ ವೆಸ್ಪುಚಿ ಎದುರಾದ. ಪೂರ್ವದೇಶಗಳ ಬಗ್ಗೆ ಗಾಸ್ಪರ್ ಹೇಳಿದ್ದನ್ನೆಲ್ಲ ವೆಸ್ಪುಚಿ ಕೇಳಿಕೊಂಡು ಫ್ಲಾರೆನ್ಸಿಗೆ ಪತ್ರ ಬರೆದ: ನಂಬಬಹುದಾದ ಮನುಷ್ಯ, ಬಹಳ ಭಾಷೆ ಬಲ್ಲವನು. ಅಂಜದೀವದಲ್ಲಿ ಸುಳ್ಳಿಗಾಗಿ ಏಟು ತಿಂದವನಿಗೆ ಮೂರು ವರ್ಷದ ಮೇಲೆ ಸಿಕ್ಕ ಸರ್ಟಿಫಿಕೇಟು ಇದು! ಆಲಿಸಿದವನ ಹೆಸರು 1507ರ ಹೊತ್ತಿಗೆ ‘ಅಮೆರಿಕ’ ಎಂದು ಭೂಪಟ ಏರಿತು.

ಬಹಳ ಭಾಷೆ ಬಲ್ಲವನೆಂದು ವೆಸ್ಪುಚಿ ಬೆರಗಾದ. ನಮ್ಮ ಕಡೆ ಇದೇನು ದೊಡ್ಡದು ಅನ್ನಿಸುತ್ತದೆ. ಭಟ್ಕಳದ ಪೇಟೆಯಲ್ಲಿ ಮೀನು ಚೌಕಾಸಿ ಮಾಡುವಾಗ ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಂದರೊಳಗೊಂದು ಸೇರಿ ಬರುತ್ತವೆ. ಯಾರೂ ಅದನ್ನು ಪಾಂಡಿತ್ಯ ಎನ್ನುವುದಿಲ್ಲ. ನನ್ನ ಬೆರಗು ಬೇರೆ. ಯಾರ ಮಾತನ್ನೂ ಆಡಬಲ್ಲ ಬಾಯಿಗೆ ತನ್ನದೆಂಬ ಮಾತು ಯಾವುದಿತ್ತು? ನಿದ್ದೆಯಲ್ಲಿ ಕನವರಿಸಿದರೆ ಯಾವ ಭಾಷೆಯಲ್ಲಿ ಕನವರಿಸುತ್ತಿದ್ದ? ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಹಿಂದಿನಿಂದ ಯಾರಾದರೂ ಕರೆದಿದ್ದರೆ ತಿರುಗಿ ನೋಡುತ್ತಿದ್ದನೇ? ಎರಡು ಕಡೆಯವರಿಗೂ ಬೇಕಾದವನು ಅವನು, ಪೂರ್ತಿ ನಂಬಿಕೆ ಎರಡು ಕಡೆಯವರಿಗೂ ಇರಲಿಲ್ಲ. ಆದರೂ ಬಾಯಿ ತೆರೆದ, ಬದುಕಿಕೊಂಡ.

1502ರಲ್ಲಿ ಮತ್ತೆ ಗಾಮನ ಜೊತೆ ಬಂದ; ಆ ಸಲ ಭಟ್ಕಳ ಅಕ್ಕಿಯ ಕಪ್ಪ ಒಪ್ಪಬೇಕಾಯಿತು. 1505ರಲ್ಲಿ ವೈಸರಾಯ್ ಅಲ್ಮೇಡನ ಜೊತೆ ಬಂದಾಗ ಅಂಜದೀವದಲ್ಲೇ ಕೋಟೆ ಎದ್ದಿತು, ಅಕ್ಟೋಬರಿನಲ್ಲಿ ಹೊನ್ನಾವರದ ಬಂದರು ಹೊತ್ತಿ ಉರಿಯಿತು. ಹೊನ್ನಾವರದಲ್ಲೂ ಇಂಥ ಒಬ್ಬನಿದ್ದ: ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಊರು ಸುಟ್ಟವರೊಂದಿಗೇ ಸಂಧಾನಕ್ಕೆ ಕೂತ. 1510ರಲ್ಲಿ ಅವನ ಮಾತು ಕೇಳಿ, ಅವನ ನೆರವು ಪಡೆದು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾಕ್ಕೆ ನುಗ್ಗಿದ. ಹನ್ನೆರಡು ವರ್ಷದ ಹಿಂದೆ ಆ ಪರದೇಶಿಗಳನ್ನು ಚಾಕರಿಗೆ ಕರೆತರಲು ದೂತನನ್ನು ಅಟ್ಟಿದ್ದು ಇದೇ ಗೋವಾ.